ಸೆರಗಿನ ಗಂಟಿನಲ್ಲಿದ್ದ ಸಿಮ್ಮು

ನಮ್ಮಪ್ಪನ ಮಾತುಗಳೆಲ್ಲ ಒಂದು ಕಾಲಕ್ಕೆ ಮೊಬೈಲಿನ ಗೇಮ್ಸ್ ಪಟ್ಟಿಯೊಳಗೆ ಇದ್ದವು. ಹೀಗೆಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ. ಆಗಿನ ಅಗ್ಗದ ಮೊಬೈಲುಗಳಲ್ಲಿ ಹೊರಗಿನಿಂದ ಯಾವ ಜಾವಾ ಪ್ರೋಗ್ರಾಂ ಹಾಕಿದರೂ ಅದು ಹೋಗಿ ಕೂರುತ್ತಿದ್ದದ್ದು ಅಲ್ಲೇ, ಹಾವು ಹಣ್ಣು ತಿನ್ನುವ ಆಟದ ಮಗ್ಗುಲಿಗೆ. ಆ್ಯಪ್ ಎನ್ನುವ ಮಾತು ನಮ್ಮ ಕಡೆ ಇನ್ನೂ ಕಾಲಿಟ್ಟಿರಲಿಲ್ಲ. ನಾನು ಬರೆದ ಆ ಚಿಕ್ಕ ಪ್ರೋಗ್ರಾಮಿಗೆ ನಾನೊಂದು ಇಂಗ್ಲಿಷ್ ಹೆಸರು ಇಟ್ಟಿದ್ದೆ, ಅವ್ವ ಅದನ್ನು ಒಂದು ದಿನವೂ ಬಳಸಲಿಲ್ಲ. ಅವಳ ಪಾಲಿಗೆ ಅದು ಮಾತಿನ ಡಬ್ಬಿ.

ಎರಡು ಸಾವಿರದ ದಶಕ ಮುಗಿಯುತ್ತ ಬಂದ ವರ್ಷಗಳವು. ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಗಂಡನ ಮನೆಯೂ ಅಲ್ಲೇ. ಹಳೇ ಊರು ಅಣೆಕಟ್ಟಿನ ನೀರಿನಡಿ ಹೋಗುವಾಗ ಕಿತ್ತು ತಂದ ತಲೆಬಾಗಿಲನ್ನೇ ಮಾವನವರು ಹೊಸ ಮನೆಗೆ ಕೂರಿಸಿದ್ದರು. ಅದು ಮಳೆಗಾಲದಲ್ಲಿ ಉಬ್ಬಿ ಹಟ ಹಿಡಿಯುತ್ತಿತ್ತು, ನಾನು ದಿನಾ ಬೆಳಿಗ್ಗೆ ಅದರ ಜೊತೆ ಜಗಳಾಡಿ ಕಾಲೇಜಿಗೆ ಹೋಗುತ್ತಿದ್ದೆ. ನನ್ನ ತವರು ಗುಳೇದಗುಡ್ಡ. ಅಪ್ಪ ಅವ್ವ ಇಬ್ಬರೂ ಕುಬಸದ ಖಣ ನೇಯುವವರು. ಓಣಿಯಲ್ಲಿ ಒಬ್ಬೊಬ್ಬರಾಗಿ ಪವರ್‌ಲೂಮ್ ಹಾಕಿಸಿಕೊಂಡರೂ ನಮ್ಮ ಪಡಸಾಲೆಯಲ್ಲಿ ಕುಣಿಮಗ್ಗವೇ ಉಳಿದಿತ್ತು, ಅದರ ತಲೆಯ ಮೇಲೆ ಚಿತ್ತಾರ ಎತ್ತುವ ಜಕಾರ್ಡ್ ಯಂತ್ರ.

ಆ ಯಂತ್ರದ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಖಣದ ಚಿತ್ತಾರ ಇರುವುದು ಯಂತ್ರದಲ್ಲಲ್ಲ. ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ದಾರದಿಂದ ಪೋಣಿಸಿ ಒಂದು ಉದ್ದ ಸರ ಮಾಡಿರುತ್ತಾರೆ. ಯಾವ ಎಳೆ ಏಳಬೇಕು, ಯಾವುದು ಸುಮ್ಮನಿರಬೇಕು ಎನ್ನುವುದೆಲ್ಲ ಆ ತೂತುಗಳಲ್ಲಿ. ಯಂತ್ರ ಕೆಟ್ಟು ಮಿಸ್ತ್ರಿಯ ಹತ್ತಿರ ಹೋಗುವಾಗ ಅವ್ವ ಮೊದಲು ರಟ್ಟಿನ ಸರವನ್ನು ಇಳಿಸಿ, ಹಳೇ ಧೋತರದಲ್ಲಿ ಸುತ್ತಿ, ದೇವರ ಜಗಲಿಯ ಪಕ್ಕದ ಗೂಟಕ್ಕೆ ನೇತುಹಾಕುತ್ತಿದ್ದಳು. "ಯಂತ್ರ ಹೋದ್ರ ಹೋಗಲಿ, ಚಿತ್ತಾರ ಮನ್ಯಾಗ ಇರಬೇಕು" ಅನ್ನುತ್ತಿದ್ದಳು. ಯಂತ್ರ ಉಜ್ಜಿ ಎಣ್ಣೆ ಹಚ್ಚಿಸಿಕೊಂಡು ವಾಪಸ್ ಬಂದ ಮೇಲೆ ಸರ ಏರಿಸಿದರೆ ಸಾಕು, ಬಿಟ್ಟಲ್ಲಿಂದಲೇ ಹೂವು ಮುಂದುವರಿಯುತ್ತಿತ್ತು. ಅವಳ ಜೀವಮಾನದಲ್ಲಿ ಇದು ಒಮ್ಮೆಯೂ ತಪ್ಪಿರಲಿಲ್ಲ.

ಅಪ್ಪ ಬಾಯಿಬಡುಕ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ರೇಡಿಯೋದ ವಾರ್ತೆಯವನ ಜೊತೆಗೂ ವಾದ ಹಾಕುತ್ತಿದ್ದ. ಇಳಕಲ್ಲಿನಿಂದ ಸೀರೆ ವ್ಯಾಪಾರದವರು ಬಂದರೆ ಅವರನ್ನು ಕೆಣಕದೆ ಚಹಾ ಕೊಡುತ್ತಿರಲಿಲ್ಲ. "ನಿಮ್ಮ ಸೀರಿ ಎಷ್ಟ ಛಂದ ಇದ್ರೂ ನಮ್ಮ ಖಣದ ಕುಬಸ ಇಲ್ಲಂದ್ರ ಉಟ್ಟಾಕಿ ಅರ್ಧಾ ಉಟ್ಟಂಗ್ರಿ" ಎಂದು ಅವರ ಮುಖಕ್ಕೇ ಹೇಳುವುದು, ಅವರು ನಗುವುದು, ಇವನು ಮತ್ತೆ ಶುರು ಮಾಡುವುದು. ಇಷ್ಟು ಮಾತಾಡುವ ಮನುಷ್ಯ ಅವ್ವನನ್ನು ಮಾತ್ರ ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ಆ ಕಾಲದ ಗಂಡಸರೆಲ್ಲ ಹಾಗೇ. "ಏ", "ಕೇಳಸ್ತೇನು", "ಎಲ್ಲಿ ಹ್ವಾದ್ಲಿಕಿ", ಇಷ್ಟರಲ್ಲೇ ಅವರ ಸಂಸಾರ ಸಾಗಿತ್ತು.

ಅಂಥವನಿಗೆ ಒಂದು ಬೆಳಿಗ್ಗೆ ಮಗ್ಗದಲ್ಲೇ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಾಯಿ ಒಂದು ಕಡೆ ಎಳೆಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿಸಿಕೊಂಡರು. ಬಾಯಿ ತಕ್ಕ ಮಟ್ಟಿಗೆ ಸರಿಹೋಯಿತು, ಕಾಲು ಎಳೆಯುತ್ತ ನಡೆಯುವಂತಾಯಿತು, ಮಾತು ಮಾತ್ರ ಬರಲಿಲ್ಲ. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು: "ಇವರಿಗೆ ಎಲ್ಲಾ ತಿಳೀತದರಿ. ಮಾತು ಒಳಗ ಹಂಗ ಅದಾವ. ಬೇಕಾದಾಗ ಬೇಕಾದ್ದು ಹೊರಗ ಬರೂ ದಾರಿ ಕೆಟ್ಟದ." ನಾನು ಅದೇ ವಾರ ತರಗತಿಯಲ್ಲಿ, ಡೇಟಾ ಇಡುವುದು ಸುಲಭ, ಬೇಕಾದದ್ದನ್ನು ಬೇಕಾದಾಗ ತೆಗೆಯುವುದೇ ಕಷ್ಟ ಎಂದು ಹುಡುಗರಿಗೆ ಬಾಯಿಪಾಠ ಒಪ್ಪಿಸಿದ್ದೆ. ಡಾಕ್ಟರ ಎದುರು ಅದು ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಶಬ್ದ. "ಅದ." ನೀರು ಬೇಕಾದರೂ ಅದ, ಹೊದಿಕೆ ಬೇಕಾದರೂ ಅದ, ಕಿಟಕಿ ಮುಚ್ಚಬೇಕಾದರೂ ಅದ. ಅವ್ವ ಓಡೋಡಿ ಚರಿಗೆ ತರುತ್ತಿದ್ದಳು. ಅಪ್ಪ ತಲೆ ಅಲ್ಲಾಡಿಸಿ, "ಅದ, ಅದ" ಅನ್ನುತ್ತಿದ್ದ. ಹೊದಿಕೆ ತಂದರೆ ಅದೂ ಅಲ್ಲ. ಕೊನೆಗೆ ಎಡಗೈಯಿಂದ ಹೊರಸಿನ ಪಟ್ಟಿಗೆ ಗುದ್ದಿ ಗೋಡೆ ಕಡೆ ಮುಖ ತಿರುಗಿಸುತ್ತಿದ್ದ. ಅವ್ವ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಎಷ್ಟು ಮಾತಾಡಿದವನು, ಒಂದು ಲೋಟ ನೀರು ಕೇಳಲಾಗದೆ ಗೋಡೆ ನೋಡುತ್ತ ಮಲಗಿದ್ದಾನೆ. ಅದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಹಾಗಾಗಿ ಬರೆದದ್ದು ಆ ಪ್ರೋಗ್ರಾಂ. ಮೊಬೈಲಿನ ಪರದೆಯ ಮೇಲೆ ಒಂಬತ್ತು ಚೌಕ, ಒಂದೊಂದು ಚೌಕಕ್ಕೆ ಒಂದೊಂದು ಅಂಕಿಯ ಗುಂಡಿ. ಗುಂಡಿ ಒತ್ತಿದರೆ ಚಿತ್ರ ದೊಡ್ಡದಾಗಿ ಬಂದು ಮಾತು ಕೇಳಬೇಕು. ಪುಟ ತಿರುಗಿಸಿದರೆ ಬೇರೆ ಒಂಬತ್ತು. ಕಾಲೇಜಿನ ಲ್ಯಾಬಿನಲ್ಲಿ ಹುಡುಗರು ಹೋದ ಮೇಲೆ ಕೂತು ಬರೆದೆ, ಗುಳೇದಗುಡ್ಡಕ್ಕೆ ಒಯ್ದು ಮನೆಯ ಮೊಬೈಲಿಗೆ ಹಾಕಿ, ಅವ್ವನ ದನಿಯಲ್ಲಿ ಮಾತುಗಳನ್ನು ಹಿಡಿದು ತುಂಬಿಸಿ ಅಪ್ಪನ ಎಡಗೈಗೆ ಕೊಟ್ಟೆ. ಅಪ್ಪ ಲೋಟದ ಚಿತ್ರದ ಗುಂಡಿ ಒತ್ತಿದ. "ನೀರ ಬೇಕು" ಎಂದು ಅವ್ವನ ದನಿ ಬಂತು. ಅಪ್ಪ ಮೊಬೈಲನ್ನು ನೋಡಿದ, ಅವ್ವನನ್ನು ನೋಡಿದ, ಅದನ್ನು ಹೊರಸಿನ ಮೇಲೆ ಬೋರಲಾಗಿ ಇಟ್ಟುಬಿಟ್ಟ.

"ಅವರಿಗೆ ಸೇರಲಿಲ್ಲ ತಗಿ" ಅಂದಳು ಅವ್ವ. "ನೀರ ಬೇಕು ಅಂತ ನಾನ ಅನ್ನೂದು, ನಾನ ತಂದ ಕೊಡೂದು. ನಡುವ ಅವರದೇನ್ ಕೆಲಸ?"

ಮಾತು ಸರಿಯೇ ಇತ್ತು. ಆದರೆ ಅಪ್ಪನ ದನಿ ಎಲ್ಲಿಂದ ತರುವುದು? ಹಳೆಯದು ಒಂದು ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಅಷ್ಟು ಮಾತಾಡುವವನ ಮಾತನ್ನು ಹಿಡಿದಿಡಬೇಕು ಎಂದು ಯಾರಿಗೆ ತಾನೆ ಹೊಳೆಯುತ್ತದೆ?

ದಾರಿ ತೋರಿಸಿದ್ದು ಅಪ್ಪನೇ, ತನಗೆ ಗೊತ್ತಿಲ್ಲದೆ. ಕೇಳಿದರೆ ಬಾರದ ಮಾತು ಆಗೊಮ್ಮೆ ಈಗೊಮ್ಮೆ ತಾನಾಗಿ ಜಾರಿ ಬೀಳುತ್ತಿತ್ತು. ಒಮ್ಮೆ ಚಹಾ ತೊಡೆಯ ಮೇಲೆ ಚೆಲ್ಲಿದಾಗ "ಸುಡ್ತು" ಅಂದುಬಿಟ್ಟ. ಇನ್ನೊಮ್ಮೆ ಓಣಿಯ ಆಡು ಒಳಗೆ ಬಂದು ನೂಲಿನ ಲಡಿಗೆ ಬಾಯಿ ಹಾಕಿದಾಗ "ಹೊಡಿ" ಅಂದ, ಸ್ಪಷ್ಟವಾಗಿ. ಹಾಗೆ ಬಂದ ಮಾತು ಸ್ವಲ್ಪ ಹೊತ್ತು ನಾಲಗೆಯ ಮೇಲೇ ಇರುತ್ತಿತ್ತು. ಸಿಕ್ಕಿತಲ್ಲ ಎಂಬ ಖುಷಿಗೆ ಅದನ್ನೇ ಮತ್ತೆ ಮತ್ತೆ ಅನ್ನುತ್ತಿದ್ದ; ಆಮೇಲೆ ಮಲಗಿ ಎದ್ದರೆ ಇಲ್ಲ. ನಾನು ಪ್ರೋಗ್ರಾಮಿಗೆ ಒಂದು ಗುಂಡಿ ಸೇರಿಸಿದೆ: ನಕ್ಷತ್ರದ ಗುಂಡಿ ಒತ್ತಿ ಹಿಡಿದರೆ ಆಗ ಕೇಳಿದ್ದನ್ನು ಹಿಡಿದು ಇಟ್ಟುಕೊಳ್ಳಬೇಕು. ಅಂದಿನಿಂದ ಅವ್ವನಿಗೆ ಹೊಸ ಉದ್ಯೋಗ ಶುರುವಾಯಿತು. ಹಿಟ್ಟು ಹತ್ತಿದ ಕೈಯಲ್ಲೇ, ಒದ್ದೆ ಕೈಯಲ್ಲೇ ಮೊಬೈಲ್ ಹಿಡಿದು ಓಡುತ್ತಿದ್ದಳು. "ಇನ್ನೊಮ್ಮಿ ಅನ್ರಿ, ಇನ್ನೊಮ್ಮಿ ಅನ್ರಿ" ಎಂದು ಅಪ್ಪನ ಬಾಯಿಗೇ ಹಿಡಿಯುತ್ತಿದ್ದಳು.

ಹೀಗೆ ವರ್ಷವೊಂದು ಕಳೆಯುವುದರೊಳಗೆ ಅಪ್ಪನ ಸ್ವಂತ ದನಿಯ ಮಾತುಗಳು ಒಂದೊಂದಾಗಿ ಕೂಡಿದವು. ನೀರು, ಚಹಾ, ಸಾಕು, ಚಳಿ, ಬ್ಯಾಸರ, ಹೊರಗ, ಹೊಡಿ. "ಹೊಡಿ" ಎಲ್ಲಕ್ಕೂ ಉಪಯೋಗಕ್ಕೆ ಬರುತ್ತಿತ್ತು. ಟಿವಿ ನಿಲ್ಲಿಸಲೂ ಅದೇ, ಬೇಡದ ನೆಂಟರು ಬಂದಾಗಲೂ ಅದೇ. ಅಪ್ಪ ಗುಂಡಿ ಒತ್ತಿ ತನ್ನ ಮಾತು ತಾನೇ ಕೇಳಿ, ನಾನೇ ಅಂದೆ ನೋಡು ಎಂಬಂತೆ ನಮ್ಮ ಮುಖ ನೋಡುತ್ತಿದ್ದ. ಹೊರಸಿನ ಪಟ್ಟಿಗೆ ಗುದ್ದುವುದು ನಿಂತಿತು.

ಒಂದು ಮಧ್ಯಾಹ್ನ ಅವ್ವ ಮಗ್ಗದ ಕಟ್ಟೆಯ ಹತ್ತಿರ ಕಾಲು ಜಾರಿ ಬಿದ್ದಳು. ಪೆಟ್ಟೇನೂ ಆಗಲಿಲ್ಲ, ಆದರೆ ಬಿದ್ದ ಸದ್ದಿಗೆ ಅಪ್ಪ ಹೊರಸಿನಿಂದ ಅರ್ಧ ಎದ್ದು ಅವಳನ್ನು ಹೆಸರು ಹಿಡಿದು ಕೂಗಿದ. ಅವ್ವ ಬಿದ್ದಲ್ಲೇ ಕೂತುಬಿಟ್ಟಳಂತೆ. ಅಪ್ಪ ಮತ್ತೆ ಕರೆದ. ಮತ್ತೆ. ಇದನ್ನು ಮಾತ್ರ ಹಿಡಿಯಲು ಅವ್ವ ಓಡಲಿಲ್ಲ, ನಾಚಿಕೆಗೆ ಸೆರಗು ಬಾಯಿಗೆ ಹಿಡಿದಳು. ಅಪ್ಪನೇ ತಲೆದಿಂಬಿನ ಹತ್ತಿರದ ಮೊಬೈಲ್ ಎಳೆದುಕೊಂಡು, ನಕ್ಷತ್ರದ ಗುಂಡಿ ಒತ್ತಿ ಹಿಡಿದು, ಮೊದಲ ಪುಟದ ನಡುವಿನ ಚೌಕದಲ್ಲಿ ಆ ಹೆಸರು ಇಟ್ಟ. ಐದರ ಗುಂಡಿ. ಮುಂದಿನ ಭಾನುವಾರ ನಾನು ಹೋದಾಗ ಅಪ್ಪ ನನ್ನನ್ನು ಕೂರಿಸಿಕೊಂಡು ಆ ಗುಂಡಿ ಒತ್ತಿ ತೋರಿಸಿದ. ಅಡುಗೆಮನೆಯಿಂದ ಅವ್ವ, "ಬಂದ್ಯಾ? ಬಂದಕಿಗೆ ಅದನ್ನ ತೋರಸ್ಬೇಕಾಗಿತ್ತೇನ್ರಿ ಮೊದಲ?" ಎಂದು ಗೊಣಗಿದಳು. ಗೊಣಗಿದ್ದರಲ್ಲಿ ಎಷ್ಟು ಸುಖವಿತ್ತು ಎಂದು ನನಗೆ ಕೇಳಿಸಿತು.

ಮೊಬೈಲಿನ ಜಾಗ ದೊಡ್ಡದಲ್ಲ. ಫೋನು ಒಂದೊಂದು ಪ್ರೋಗ್ರಾಮಿಗೂ ಗೋಡೆಯಲ್ಲಿ ಗೂಡು ಕೊಟ್ಟ ಹಾಗೆ ಒಂದಿಷ್ಟೇ ಜಾಗ ಕೊಡುತ್ತಿತ್ತು. ಆ ಗೂಡಿಗೆ ಕೈ ಹಾಕಲು ಆ ಪ್ರೋಗ್ರಾಮಿಗೆ ಮಾತ್ರ ಅನುಮತಿ. ಬೇರೆ ಯಾರೂ ನೋಡುವಂತಿಲ್ಲ, ಮುಟ್ಟುವಂತಿಲ್ಲ. ಪ್ರೋಗ್ರಾಂ ಹೋದರೆ ಗೂಡೂ ಹೋಯಿತು. ಕ್ಷೇಮಕ್ಕಾಗಿ ಹೀಗೆ ಮಾಡಿದ್ದಾರೆ ಎಂದು ಪುಸ್ತಕದಲ್ಲಿ ಬರೆದಿತ್ತು, ಯಾರ ಕ್ಷೇಮ ಎಂದು ಬರೆದಿರಲಿಲ್ಲ. ಒಂದು ದಿನ ಹೊಸ ಮಾತೊಂದನ್ನು ಹಿಡಿಯಲು ಹೋದರೆ ಜಾಗವಿಲ್ಲ ಎಂದು ಪರದೆಯ ಮೇಲೆ ಬಂತು. ಹಳೆಯದನ್ನು ತೆಗೆಯದೆ ಹೊಸದು ಹಿಡಿಯುವುದಿಲ್ಲ.

ಆ ಸಂಜೆಯನ್ನು ನಾನು ಮರೆತಿಲ್ಲ. ನಾವು ಮೂವರೂ ಪಡಸಾಲೆಯಲ್ಲಿ ಕೂತು, ಅಪ್ಪನ ಯಾವ ಮಾತನ್ನು ಅಳಿಸುವುದು ಎಂದು ವಿಚಾರ ಮಾಡಿದೆವು. ಹುಟ್ಟಿದಾಗಿನಿಂದ ಆಡಿದ ಮಾತಿನಲ್ಲಿ ಉಳಿದದ್ದೇ ಒಂದು ಬೊಗಸೆ, ಅದರಲ್ಲಿ ಮತ್ತೆ ಆರಿಸಬೇಕು.

"'ಸಾಕು' ತಗಿ" ಅಂದಳು ಅವ್ವ. "ಗಂಗಾಳಕ್ಕ ಕೈ ಅಡ್ಡ ಹಿಡದ್ರ ನನಗ ತಿಳೀತೈತಿ."

ತೆಗೆದೆ.

"'ಚಳಿ'ನೂ ತಗಿ. ಮೈ ಮುಟ್ಟಿದ್ರ ತಿಳೀತೈತಿ."

ಅದನ್ನೂ ತೆಗೆದೆ. 'ಬ್ಯಾಸರ' ಬಂದಾಗ ಅವ್ವ ಅಪ್ಪನ ಕಡೆ ನೋಡಿದಳು. ಮುಖ ನೋಡಿ ತಿಳಿಯುವುದೇ ಆದರೂ ಅದನ್ನು ತೆಗೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆಮೇಲೆ ಮೆಲ್ಲಗೆ, "ನನ್ನದೊಂದು ಐತೆಲ್ಲ, ನಡುವಿಂದು. ಅದನ್ನ ಬೇಕಾದ್ರ ತಗಿ. ನಾ ಇಲ್ಲೇ ಇರ್ತೇನೆಲ್ಲ, ಕರೀದಿದ್ರೂ ಬರ್ತೇನಿ" ಅಂದಳು. ಅಪ್ಪ ಎಡಗೈ ಚಾಚಿ ಇಡೀ ಮೊಬೈಲನ್ನು ಅಂಗೈಯಿಂದ ಮುಚ್ಚಿದ. ಅಲ್ಲಿಗೆ ಆ ಮಾತು ಮುಗಿಯಿತು.

ಈ ಮಾತುಗಳ ಇನ್ನೊಂದು ಪ್ರತಿ ಬೇಕು ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಕಲಿಸುವುದೇ ಅದನ್ನು. ಕೇಬಲ್ ಹಾಕಿ ನೋಡಿದೆ. ಕಂಪ್ಯೂಟರಿಗೆ ಫೋಟೋ ಕಾಣುತ್ತಿತ್ತು, ನಂಬರು ಕಾಣುತ್ತಿತ್ತು, ಆ ಗೂಡು ಕಾಣುತ್ತಿರಲಿಲ್ಲ. ಗೂಡಿನಿಂದ ಹೊರಗೆ ಬರೆಯಲು ಪ್ರೋಗ್ರಾಮಿಗೆ ಫೋನು ಪರವಾನಗಿ ಕೊಡುತ್ತಿರಲಿಲ್ಲ, ಮೆಮೊರಿ ಕಾರ್ಡಿಗೆ ಆ ಮಾಡೆಲ್ಲಿನಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ನನ್ನ ಫೋನನ್ನು ಅದರ ಪಕ್ಕ ಇಟ್ಟು, ಒಂದು ಮಾತನಾಡಿದರೆ ಇನ್ನೊಂದು ಕೇಳಿ ಹಿಡಿದುಕೊಳ್ಳಲಿ ಎಂದು ಮಾಡಿದೆ. ಹಿಡಿದದ್ದು ಬರೀ ಪಕ್ಕದ ಮನೆಯ ಪವರ್‌ಲೂಮಿನ ಖಟಾಖಟಿ. ಬಾಗಿಲು ಹಾಕಿದೆ, ಕಂಬಳಿ ಹೊದಿಸಿದೆ, ಬಚ್ಚಲುಮನೆಗೆ ಒಯ್ದೆ. ಖಟಾಖಟಿ ಅಲ್ಲೂ ಬಂತು. "ಕರೆಂಟ್ ಹೋದಾಗ ಮಾಡಿದ್ರಾತು" ಅಂದಳು ಅವ್ವ. ಸರಿ ಎಂದೆ. ನಮ್ಮ ಊರಿನ ಕರೆಂಟು ನಾನಿಲ್ಲದ ದಿನಗಳಲ್ಲಿ ಮನಸಾರೆ ಹೋಗುತ್ತಿತ್ತು, ನಾನು ಹೋದ ದಿನ ಸಂಜೆಯವರೆಗೆ ಮನೆ ಕಾಯುತ್ತಿತ್ತು.

ಹೀಗಿರುವಾಗ ಒಂದು ದಿನ ಕಾಲೇಜಿನಿಂದ ಹೊರಗೆ ಬರುತ್ತಿದ್ದಂತೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಅವ್ವ, ಕಿರಾಣಿ ಅಂಗಡಿಯ ಕಾಯಿನ್ ಫೋನಿನಿಂದ. ದನಿಯಲ್ಲಿ ಒಂದು ಹೆಮ್ಮೆ.

"ಡಬ್ಬಿ ಕೆಟ್ಟಿತ್ತು ಬೇ. ಹಚ್ಚಿದ್ರ ಕಂಪನಿ ಹೆಸರ ಬರೂದು, ಅಲ್ಲೇ ನಿಂದ್ರೂದು. ನಿಮ್ಮಪ್ಪ ಮುಂಜಾನಿಂದ ಒಂದ ಸವನ ಅದ ಅದ ಅಂತ ಹೊರಸಿಗೆ ಗುದ್ದಾಕ ಹತ್ತಿದ್ರು. ನಿನಗ್ಯಾಕ ತ್ರಾಸ ಕೊಡೂದಂತ ನಾನ ಬಜಾರಕ್ಕ ಒಯ್ದು ದುರಸ್ತಿ ಮಾಡಿಸ್ಕೊಂಡ ಬಂದೆ."

"ಏನ ಮಾಡಿದಾ ಅವಾ?"

"ಸಾಫ್ಟ್‌ವೇರ್ ಹೊಡದನಂತ. ಈಗ ಝಗಝಗ ಅಂತೈತಿ, ಹೊಸಾದ್ರಂಗ."

ನಾನು ಕಾಲೇಜಿನ ಮೆಟ್ಟಿಲ ಮೇಲೆ ಕೂತೆ. ಸಾಫ್ಟ್‌ವೇರ್ ಹೊಡೆಯುವುದೆಂದರೆ ಏನೆಂದು ಆಗ ಮೊಬೈಲ್ ಇದ್ದವರಿಗೆಲ್ಲ ಗೊತ್ತು. ಒಳಗಿರುವುದನ್ನೆಲ್ಲ ಒರೆಸಿ, ಕಂಪನಿಯಿಂದ ಬಂದ ದಿನದ ಹಾಗೆ ಮಾಡುವುದು. ನಾನು ಮಾತಾಡದ್ದಕ್ಕೆ ಅವ್ವನಿಗೆ ಏನೋ ಸಂಶಯ ಬಂತು.

"ಅಂಜಬ್ಯಾಡ" ಅಂದಳು. "ನಾ ಏನ್ ಅಷ್ಟ ಹುಚ್ಚಿಲ್ಲ. ಒಯ್ಯೂಕಿಂತ ಮೊದಲ ಸಿಮ್ ತಗದ ಸೆರಗಿನ ಚುಂಗಿಗೆ ಗಂಟ ಹಾಕೊಂಡೇನಿ. ಬರೇ ಯಂತ್ರ ಅಷ್ಟ ಅವಗ ಕೊಟ್ಟಿದ್ದೆ. ಈಗ ಡಬ್ಬಿ ಕಾಣವಲ್ದು, ಸಿಮ್ ಇಲ್ಲಲ್ಲ, ಅದಕ್ಕ. ನನಗ ಏರಸಾಕ ಬರೂದಿಲ್ಲ, ನೀ ಬಂದ ಏರಸು."

ಬಸ್ಸಿನಲ್ಲಿ ಕೂತಾಗ ನನಗೆ ಅವ್ವನ ಲೆಕ್ಕ ಅರ್ಥವಾಯಿತು. ರಟ್ಟಿನ ಸರ ಇಳಿಸಿ ಯಂತ್ರವನ್ನು ಮಿಸ್ತ್ರಿಗೆ ಕೊಟ್ಟಂತೆಯೇ ಅವಳು ಮಾಡಿದ್ದಳು. ತೆಗೆಯಲು ಬರುವಂಥದ್ದು ಆ ಫೋನಿನಲ್ಲಿ ಇದ್ದದ್ದೇ ಅದೊಂದು. ಮೇಲಾಗಿ ಫೋನು ಬದಲಿಸಿದವರೆಲ್ಲ ಸಿಮ್ ಕಿತ್ತು ಹೊಸ ಫೋನಿಗೆ ಹಾಕಿ, ನಂಬರು ಬಂತು ಹೆಸರು ಬಂತು ಎನ್ನುವುದನ್ನು ಅವಳು ನೋಡಿದ್ದಳು. ಅವಳ ಜಾಗದಲ್ಲಿ ಯಾವ ನೇಕಾರರು ಇದ್ದರೂ ಹಾಗೇ ಮಾಡುತ್ತಿದ್ದರು. ಮಾಡಬೇಕಾದದ್ದನ್ನೆಲ್ಲ ಸರಿಯಾಗಿ ಮಾಡಿದವಳಿಗೆ ನಾನು ಹೋಗಿ ಏನು ಹೇಳಬೇಕು? ಗುಳೇದಗುಡ್ಡ ಹಾದು ಹೋಗುವ ಬಾದಾಮಿ ಬಸ್ಸದು. ನನ್ನ ಪಕ್ಕದ ಹೆಂಗಸು ಬಾದಾಮಿಯ ತಂಗಿಯ ಮನೆಗೆ ಹೊರಟಿದ್ದಳು, ದಾರಿಯುದ್ದಕ್ಕೂ ಆ ತಂಗಿಯನ್ನು ಬೈಯುತ್ತಿದ್ದಳು. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ನಾನು ಬೇಡಿಕೊಂಡೆ. ಎಂದೂ ಇಲ್ಲದ್ದು ಅಂದು ಅದು ಹೊತ್ತಿಗೆ ಮೊದಲೇ ಮುಟ್ಟಿತು.

ಮನೆಗೆ ಹೋಗುವ ಮೊದಲು ಬಜಾರಿನ ಅಂಗಡಿಗೆ ಹೋದೆ. ಏನಾದರೂ ಉಳಿದಿರಬಹುದು ಎಂಬ ಆಸೆ, ಇಲ್ಲದಿದ್ದರೆ ಬೈಯುವ ಸಿಟ್ಟು. ಅಂಗಡಿಯವನು ಒಳ್ಳೆಯವನೇ, ಎದ್ದು ನಿಂತು ಮಾತಾಡಿದ.

"ಬ್ಯಾಕಪ್ ತಗೊಂಡ ಹೊಡದೇನ್ರಿ ಅಕ್ಕಾರ. ಫೋಟೋ ಅದಾವ, ಮೆಸೇಜ್ ಅದಾವ, ಎಲ್ಲಾ ವಾಪಸ್ ಹಾಕೇನಿ."

"ಗೇಮ್ಸಿನಾಗಿಂದು?"

ಅವನು ನನ್ನ ಮುಖ ನೋಡಿದ. "ಆಟದ್ದು ಯಾರ ತಗೋತಾರ್ರಿ?" ಅಂದ. ಆಮೇಲೆ ಏನನ್ನಿಸಿತೋ, "ಹೊಸಾ ಆಟ ಹಾಕಿ ಕೊಡ್ಲೇನ್ರಿ, ರೊಕ್ಕ ಬ್ಯಾಡ" ಎಂದು ಕೇಳಿದ. ಬೈಯಲು ಹೋದವಳು ನಾನು. ಬೈಯಲು ಅಲ್ಲಿ ಯಾರೂ ಇರಲಿಲ್ಲ.

ಮನೆಯಲ್ಲಿ ಅಪ್ಪ ಹೊರಸಿನ ಮೇಲೆ ಎದ್ದು ಕೂತಿದ್ದ. ಅವ್ವ ತಲೆ ಬಾಚಿ, ತೊಳೆದ ಅಂಗಿ ಹಾಕಿ ತಯಾರು ಮಾಡಿದ್ದಳು. ನನ್ನನ್ನು ಕಂಡದ್ದೇ ಎಡ ಅಂಗೈ ಚಾಚಿ "ಅದ" ಅಂದ. ಅವ್ವ ನನ್ನ ಮುಂದೆ ಕೂತು ಸೆರಗಿನ ಚುಂಗಿನ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿ ಹಾಕಿದ್ದಳು, ಉಗುರಿಗೆ ಬರಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದಳು. ಒಳಗಿನಿಂದ ಸಿಮ್ ತೆಗೆದು, ಬೆವರು ತಾಕಿದ್ದನ್ನು ಸೆರಗಿನಿಂದ ಒರೆಸಿ ನನ್ನ ಕೈಯಲ್ಲಿಟ್ಟಳು.

"ತಗೋ. ಎಲ್ಲಾ ಇದರಾಗ ಐತಿ."

ಇಲ್ಲ ಎಂದು ಹೇಳಬಹುದಿತ್ತು. ಹೇಳಲಾಗಲಿಲ್ಲ. ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು. ಬ್ಯಾಟರಿ ತೆಗೆದೆ, ಸಿಮ್ ಕೂರಿಸಿದೆ, ಬ್ಯಾಟರಿ ಹಾಕಿ ಗುಂಡಿ ಒತ್ತಿ ಹಿಡಿದೆ. ಪರದೆ ಬೆಳಗಿತು. ಅವ್ವ ಹೆಸರುಗಳ ಪಟ್ಟಿ ತೆಗೆಯಲು ಹೇಳಿದಳು. ತೆಗೆದೆ. ನನ್ನ ಹೆಸರು ಇತ್ತು, ನವನಗರದ ಮನೆಯ ನಂಬರು ಇತ್ತು, ನೂಲಿನ ಅಂಗಡಿಯದೂ ಇತ್ತು.

"ನೋಡ್ರಿ, ಬಂತಿಲ್ಲ?" ಅಂದಳು ಅವ್ವ ಅಪ್ಪನ ಕಡೆ ತಿರುಗಿ. ಅಪ್ಪ ನಕ್ಕ.

ಗೇಮ್ಸ್ ಪಟ್ಟಿಯಲ್ಲಿ ಹಾವು ಒಂದೇ ಇತ್ತು. ನನ್ನ ಚೀಲದಲ್ಲಿ ಕಾಲೇಜಿನ ಲ್ಯಾಪ್‌ಟಾಪ್, ಕೇಬಲ್ಲು ಇದ್ದವು. ಅವರ ಎದುರಿಗೇ ಪ್ರೋಗ್ರಾಮನ್ನು ಮತ್ತೆ ಹಾಕಿದೆ. ಚೌಕಗಳು ಬಂದವು, ಚಿತ್ರಗಳು ಬಂದವು, ನಾನು ಬರೆದದ್ದೆಲ್ಲ ಒಂದೂ ಬಿಡದೆ ಬಂತು. ಅಪ್ಪ ಮೊಬೈಲ್ ಕಿತ್ತುಕೊಂಡಂತೆ ತೆಗೆದುಕೊಂಡು ಐದನ್ನು ಒತ್ತಿದ. ಕೀ ಎಂದು ಗುಂಡಿಯ ಸದ್ದಾಯಿತು. ಮಾತು ಬರಲಿಲ್ಲ. ತಾನೇ ತಪ್ಪು ಒತ್ತಿದೆ ಎಂದುಕೊಂಡು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು, ನೋಡಿ, ಮತ್ತೆ ಒತ್ತಿದ. ಆಮೇಲೆ ನನ್ನ ಕೈಗೆ ಕೊಟ್ಟು, ಮಾಡಿಕೊಡು ಎಂಬಂತೆ ಕಾಯುತ್ತ ಕೂತ. ನಾನು ಮಾಡಿದ ವಸ್ತು ಅದು. ಅದರ ಒಂದೊಂದು ಸಾಲೂ ನನಗೆ ಗೊತ್ತು.

"ಸಿಮ್ಮಿನಾಗ ಇರೂದಿಲ್ಲ ಯವ್ವಾ ಅದು" ಅಂದೆ ಕೊನೆಗೆ. "ಯಂತ್ರದಾಗ ಇತ್ತು."

ಅವ್ವ ಬಿಚ್ಚಿದ ಸೆರಗಿನ ಚುಂಗಿನ ಸುಕ್ಕನ್ನು ಬೆರಳಿಂದ ತೀಡಿ ಸರಿ ಮಾಡುತ್ತ ಕೂತಳು. "ಯಂತ್ರದಾಗ ಯಾಕ ಇಟ್ಟೀ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕು ಎಂದು. ಬೇರೆ ಕಡೆ ಇಡಲು ಬರುತ್ತಿರಲಿಲ್ಲ ಎಂದೆ. ಹೌದೇನು ಎಂಬಂತೆ ತಲೆ ಆಡಿಸಿದಳು. ಆ ರಾತ್ರಿ ನಾನು ಅಲ್ಲೇ ಉಳಿದೆ, ಮೂವರೂ ಸರಿಯಾಗಿ ಉಣ್ಣಲಿಲ್ಲ.

ಮತ್ತೆ ಹಿಡಿಯಲು ನಾವು ಪ್ರಯತ್ನ ಮಾಡಲಿಲ್ಲ ಎಂದಲ್ಲ. ನಕ್ಷತ್ರದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅವ್ವ ದಿನಗಟ್ಟಲೆ ಅಪ್ಪನ ಬಾಯಿ ಕಾದಳು. ಕಾದರೆ ಬರುವ ಮಾತಲ್ಲ ಅವು. ಲೋಟ ತೋರಿಸಿ "ಇದೇನ್ರಿ, ಹೇಳ್ರಿ" ಅಂದರೆ ಅಪ್ಪನ ತುಟಿ ಕೂಡುತ್ತಿತ್ತು, ಬಿಡುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಅವ್ವ ಬೇಕೆಂದೇ ಮಗ್ಗದ ಕಟ್ಟೆಯ ಹತ್ತಿರ ಜಾರಿದಂತೆ ಮಾಡಿ ಬಿದ್ದಳು ಕೂಡ. ಇದನ್ನು ಅವಳು ನನಗೆ ಹೇಳಲಿಲ್ಲ, ಮೊಣಕೈ ತರಚಿದ್ದು ನೋಡಿ ನಾನೇ ಕೇಳಿ ತಿಳಿದುಕೊಂಡೆ. ಅಪ್ಪ ಹೊರಸಿನಿಂದ ಅರ್ಧ ಎದ್ದು, "ಅದ" ಎಂದು ಕೂಗಿದನಂತೆ.

ನನ್ನ ದನಿಯಲ್ಲಿ ತುಂಬಿಸಿಕೊಡುತ್ತೇನೆ ಎಂದೆ, ಪಕ್ಕದ ಮನೆಯ ಕಾಕಾನ ದನಿಯಲ್ಲಿ ಎಂದೆ. ಅಪ್ಪ ತಲೆ ಅಲ್ಲಾಡಿಸಿದ. ಹಾಗಂತ ಮೊಬೈಲನ್ನು ಕೈಬಿಡಲೂ ಇಲ್ಲ. ಪಕ್ಕದಲ್ಲೇ ಇಟ್ಟುಕೊಂಡು ಬೇಕಾದಾಗ ಖಾಲಿ ಚೌಕದ ಗುಂಡಿ ಒತ್ತುತ್ತಿದ್ದ.

ಮುಂದಿನ ತಿಂಗಳು ನಾನು ಹೋದ ದಿನ ಕರೆಂಟು ಇರಲಿಲ್ಲ. ಎಷ್ಟೋ ದಿನ ಕಾದಿದ್ದ ನಿಶ್ಶಬ್ದ ಅದು, ಓಣಿಯ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ನಾನು ಅಪ್ಪನ ಕಾಲಬದಿ ಕೂತಿದ್ದೆ. ಅಪ್ಪ ಗುಂಡಿ ಒತ್ತಿದ. ಕೀ. ಆ ಸಣ್ಣ ಸದ್ದಿಗೆ ಅಡುಗೆಮನೆಯಿಂದ "ಬಂದೆನ್ರಿ" ಎಂದು ಅವ್ವನ ದನಿ ಬಂತು. ಹಿಂದೆಯೇ ಅವಳು ಬಂದಳು, ಹಿಟ್ಟಿನ ಕೈ ಹಾಗೇ. ನಾನು ಬಗ್ಗಿ ನೋಡಿದೆ. ಅಪ್ಪ ಒತ್ತಿದ್ದು ಐದಲ್ಲ, ಒಂದು. ಮೊದಲು ಅಲ್ಲಿ ನೀರು ಇತ್ತು. ಅವ್ವ ಹೊದಿಕೆ ಸರಿ ಮಾಡಿದಳು, ದಿಂಬು ಎತ್ತರಿಸಿದಳು, "ಚಹಾ ಬೇಕೇನ್ರಿ?" ಎಂದು ಕೇಳಿದಳು. ಅಪ್ಪ ಅವಳ ಮುಖ ನೋಡಿದ. ಇನ್ನೊಂದು ಗುಂಡಿ ಒತ್ತಿದ, ಅದರ ಪಕ್ಕದ್ದು ಒತ್ತಿದ, ಕೆಳಗಿನದು ಒತ್ತಿದ. ಎಲ್ಲಕ್ಕೂ ಅದೇ ಕೀ. ಪ್ರತಿ ಸಲವೂ ಅವ್ವ ತನ್ನ ಹೆಸರನ್ನೇ ಕೇಳಿದವಳಂತೆ, "ಬಂದೇನಲ್ರಿ, ಇಲ್ಲೇ ಅದೇನಿ" ಅನ್ನುತ್ತಿದ್ದಳು.